ಮಾರನೇ ದಿನ

ಧನುರ್ಮಾಸದ ಒಂದು ಭಾನುವಾರ. ಮೈಸೂರಿನ ನಮ್ಮ ಮನೆಯ ಜಗುಲಿಯಲ್ಲಿ, ಬಿಸಿಲು ಮೊದಲು ಬೀಳುವ ಮೂಲೆ ಹಿಡಿದು ಅಪ್ಪ ಕೂತಿದ್ದರು. ಮಂಡ್ಯ ಕಡೆಯ ಹೈಸ್ಕೂಲುಗಳಲ್ಲಿ 31 ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು. ಎದುರಿಗೆ ದೊಡ್ಡಪ್ಪನ ಮಗಳು, ನಾನು ಅಕ್ಕ ಎಂದು ಕರೆಯುವವಳು. 41 ವರ್ಷ, ಬ್ಯಾಂಕಿನಲ್ಲಿ ಕೆಲಸ, ಇಬ್ಬರು ಮಕ್ಕಳು. ಫೆಬ್ರವರಿಯಲ್ಲಿ ಕರಾವಳಿಯಲ್ಲಿ ಅವಳ ಮೊದಲ ಟ್ರಯಥ್ಲಾನ್. ಕಡಲಿನಲ್ಲಿ 750 ಮೀಟರ್ ಈಜಬೇಕು, ಎದ್ದು ಬಂದು 20 ಕಿಲೋಮೀಟರ್ ಸೈಕಲ್ ತುಳಿಯಬೇಕು, ಇಳಿದವಳೇ 5 ಕಿಲೋಮೀಟರ್ ಓಡಬೇಕು. ಈ ಅಳತೆಗೆ ಸ್ಪ್ರಿಂಟ್ ಎನ್ನುತ್ತಾರೆ. ಒಲಿಂಪಿಕ್ಸಿನಲ್ಲಿ ಇದರ ಎರಡರಷ್ಟು. ಐದು ತಿಂಗಳಿಂದ ತಯಾರಿ ನಡೆದಿತ್ತು. ಒಂಬತ್ತು ದಿನದಿಂದ ನಿಂತುಹೋಗಿತ್ತು. ಅದನ್ನು ಹೇಳಿಕೊಳ್ಳಲು ಬಂದಿದ್ದಳು. ಅಪ್ಪನಿಗೆ ಈ ಪಂದ್ಯದ ವಿಚಾರ ಮೊದಲಿನಿಂದಲೂ ಒಪ್ಪಿಗೆಯಿರಲಿಲ್ಲ. ಅದು ಗೊತ್ತಿದ್ದೂ ಅವರ ಬಳಿಗೇ ಬಂದಳು. ಪಕ್ಕದಲ್ಲಿ ಕೂತು ಕೇಳಿದ್ದನ್ನು ನೆನಪಿದ್ದಷ್ಟು ಬರೆದಿದ್ದೇನೆ.

ಅಕ್ಕ: ನಾಲ್ಕೂ ಮುಕ್ಕಾಲಿಗೆ ಅಲಾರಾಂ ಹೊಡೆಯುತ್ತೆ ಚಿಕ್ಕಪ್ಪ. ಎಚ್ಚರಾನೂ ಆಗುತ್ತೆ. ಎದ್ದು ಕೂತ್ಕೋತೀನಿ. ಕಾಲು ನೆಲಕ್ಕಿಡೋಕೆ ಮಾತ್ರ ಮನಸ್ಸು ಬರಲ್ಲ. ಆಗಸ್ಟ್‌ನಲ್ಲಿ ಅಲಾರಾಂಗೆ ಮುಂಚೆ ಏಳ್ತಿದ್ದೆ.

ಅಪ್ಪ: ಮೈ ಹುಷಾರಿಲ್ವಾ?

ಅಕ್ಕ: ಮೈ ಸರಿಯಾಗಿದೆ. ಹುಮ್ಮಸ್ಸು ಹೋಗಿದೆ.

ಅಪ್ಪ: ಹುಮ್ಮಸ್ಸು ಮೊದಲನೇ ಮಳೆ ಇದ್ದಂಗೆ ಕಣಮ್ಮ. ಮಣ್ಣಿನ ವಾಸನೆ ಬರ್ತದೆ, ಮನೆಮಂದಿಯೆಲ್ಲ ಬಾಗಿಲಿಗೆ ಬಂದು ನಿಂತ್ಕೋತಾರೆ. ಅದನ್ನ ನಂಬ್ಕೊಂಡು ನಮ್ಮೂರಲ್ಲಿ ಯಾರೂ ನಾಟಿ ಮಾಡಲ್ಲ. ನಾಲೇಲಿ ನೀರು ಯಾವಾಗ ಬಿಡ್ತಾರೆ ಅಂತ ಕೇಳ್ತಾರೆ.

ಅಕ್ಕ: ಹಾಗಾದ್ರೆ ನನ್ನ ನಾಲೆ ಯಾವುದು ಹೇಳಿ.

ಅಪ್ಪ: ನನ್ನದು ಹೇಳ್ತೀನಿ. ಹದಿನೆಂಟನೇ ವಯಸ್ಸಿಂದ ಗರಡಿಗೆ ಹೋಗ್ತಿದ್ದೆ. ಮನಸ್ಸಿದೆಯೇನೋ ಅಂತ ಒಂದು ದಿನ ಯಾರೂ ಕೇಳಲಿಲ್ಲ. ಉಸ್ತಾದರು ಬಂದು ಕೂತಿರೋರು. ಜೊತೆಗಾರ ಕಾಯ್ತಿರೋನು, ನಾನು ಹೋಗದಿದ್ರೆ ಅವನ ಸಾಮೂ ಕೆಡೋದು. ಮಟ್ಟಿ ಅಗೆದು ಹದ ಮಾಡೋದು ಸರದಿ ಮೇಲೆ. ನನ್ನ ಸರದಿ ದಿನ ನಾನು ಹೊದ್ದು ಮಲಗಿದ್ರೆ ಹತ್ತು ಜನ ಗಟ್ಟಿ ಮಣ್ಣಿನ ಮೇಲೆ ಬೀಳಬೇಕು. ಹಂಗಾಗಿ ಏಳ್ತಿದ್ದೆ. ನಿನ್ನ ಆಟದಲ್ಲಿ, ನೀನು ಏಳದಿದ್ರೆ ಯಾರಿಗೆ ನಷ್ಟ?

ಅಕ್ಕ: ಯಾರಿಗೂ ಇಲ್ಲ. ನಾನು ಏಳದಿದ್ರೆ ಎಲ್ಲರಿಗೂ ಅನುಕೂಲ. ಮಕ್ಕಳ ಡಬ್ಬಿ ಹೊತ್ತಿಗೆ ಸರಿಯಾಗಿ ಆಗುತ್ತೆ. ಅತ್ತೆಗೆ ಕಾಫಿ ಬಿಸಿಯಾಗಿ ಸಿಗುತ್ತೆ. ಇವರಿಗೆ ಸ್ಕೂಟರಲ್ಲಿ ನನ್ನ ಸೈಕಲ್ ಹಿಂದೆ ಬರೋದು ತಪ್ಪುತ್ತೆ. ನಿಮ್ಮನ್ನ ಗರಡಿಗೆ ಎಳೆಯೋಕೆ ಹತ್ತು ಜನ ಇದ್ರು. ನನ್ನನ್ನ ಹಾಸಿಗೇಲೇ ಇಟ್ಕೊಳ್ಳೋಕೆ ಒಂದು ಮನೆಯಿದೆ.

ಅಪ್ಪ: ಬೇಡ ಅಂದ್ರಾ ಮನೇಲಿ?

ಅಕ್ಕ: ಒಬ್ಬರೂ ಅಂದಿಲ್ಲ. ಅಂದಿದ್ರೆ ಹಟ ಹುಟ್ಟಿರೋದು.

ಅಪ್ಪ: ಅವನು ಯಾಕೆ ಹಿಂದೆ ಬರೋದು? ರಿಂಗ್ ರೋಡಲ್ಲಿ ಎಷ್ಟೊಂದು ಜನ ಸೈಕಲ್ ತುಳೀತಾರೆ.

ಅಕ್ಕ: ಗಂಡಸರು ತುಳೀತಾರೆ. ಸೆಪ್ಟೆಂಬರಲ್ಲಿ ಒಂದು ದಿನ ಸರ್ವಿಸ್ ರಸ್ತೇಲಿ ಬೈಕಲ್ಲಿ ಇಬ್ಬರು ಪಕ್ಕಕ್ಕೇ ಬಂದ್ರು. ಎರಡು ಕಿಲೋಮೀಟರ್, ನಾನು ಹೋದಷ್ಟೇ ವೇಗದಲ್ಲಿ. ಏನೂ ಮಾಡಲಿಲ್ಲ. ಮಾತಾಡ್ತಾ ಬಂದ್ರು, ಅಷ್ಟೆ. ಹಾಲಿನ ಗಾಡಿ ಸಿಕ್ಕಿತು, ಅದರ ಹಿಂದೆ ಹೋಗಿ ನಿಂತೆ.

ಅಪ್ಪ: ನಂಗೆ ಹೇಳಲಿಲ್ಲ ನೀನು.

ಅಕ್ಕ: ಹೇಳಿದ್ರೆ ನಿಲ್ಲಿಸಿಬಿಡು ಅಂತಿದ್ರಿ.

ಅಪ್ಪ ಅಲ್ಲ ಅನ್ನಲಿಲ್ಲ. ತಾಲೀಮಿನ ಬಗ್ಗೆ ಬರೆಯುವವರು ಮನಸ್ಸು, ಛಲ, ಸಂಕಲ್ಪ ಎಂದೆಲ್ಲ ಬರೆಯುತ್ತಾರೆ. ಬೆಳಗಿನ ಐದು ಗಂಟೆಯ ಕತ್ತಲೆ ಒಬ್ಬ ಗಂಡಸಿಗೂ ಒಬ್ಬ ಹೆಂಗಸಿಗೂ ಒಂದೇ ಅಲ್ಲ ಎನ್ನುವುದನ್ನು ಬರೆದವರು ಕಡಿಮೆ. ಆ ಮಾತು ಕೇಳುವವರೆಗೆ ನನಗೂ ಅದು ಹೊಳೆದಿರಲಿಲ್ಲ.

ಅಪ್ಪ: ಸರಿ. ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡ. ಮೂವತ್ತೆಂಟಕ್ಕೆ ಈಜು ಕಲಿತೆ. ಚೆನ್ನಾಯ್ತು. ಸೈಕಲ್ ತಗೊಂಡೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನೀನು ಓಡೋದನ್ನ ನೋಡಿದೀನಿ, ಮುಖ ಅರಳಿರ್ತದೆ. ಇಷ್ಟು ಸಾಲದಾ? ತಾರೀಕು ಯಾಕೆ, ಪದಕ ಯಾಕೆ, ಕೈಗೆ ಆ ವಾಚು ಯಾಕೆ? ಓಡಿ ಬಂದವಳು ಮೊದಲು ನೀರು ಕುಡಿಯಲ್ಲ, ಫೋನಲ್ಲಿ ಹಾಕ್ತೀಯ. ಯಾರೋ ಹೆಬ್ಬೆಟ್ಟು ಒತ್ತಿದ್ರೆ ಖುಷಿ. ಪರರ ಕಣ್ಣಿಗೆ ಮಾಡಿದ ಕೆಲಸದಲ್ಲಿ ಪರರು ಆ ಕಡೆ ತಿರುಗಿದ ದಿನ ಹುಮ್ಮಸ್ಸು ಹೋಗ್ತದೆ. ನಿಮ್ಮ ಚಿಕ್ಕಮ್ಮನ್ನ ನೋಡು. ಈ ಚಳೀಲಿ ನಾಲ್ಕಕ್ಕೆ ಏಳ್ತಾಳೆ, ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗ್ತಾಳೆ. ಯಾರು ಪದಕ ಕೊಟ್ರು?

ಅಕ್ಕ: ಎಷ್ಟು ದಿನ ಹೋಗ್ತಾರೆ?

ಅಪ್ಪ: ಧನುರ್ಮಾಸ ಪೂರ್ತಿ.

ಅಕ್ಕ: ಸಂಕ್ರಾಂತಿ ಆದಮೇಲೆ?

ಅಪ್ಪ: ಆಮೇಲೆ ಯಾಕೆ ಹೋಗ್ತಾಳೆ ನಾಲ್ಕಕ್ಕೆ? ಆರಕ್ಕೆ ಏಳ್ತಾಳೆ.

ಅಕ್ಕ: ನೋಡಿ ಮತ್ತೆ, ಅದಕ್ಕೂ ತಾರೀಕಿದೆ. ನಮ್ಮಲ್ಲಿ ಯಾವ ವ್ರತ ಹಿಡಿದ್ರೂ ಇಷ್ಟು ದಿನ ಅಂತ ಲೆಕ್ಕ ಇದೆ, ಕೊನೇಲಿ ಉದ್ಯಾಪನೆ ಇದೆ. ಜೀವಮಾನವಿಡೀ ನಾಲ್ಕಕ್ಕೆ ಏಳು ಅಂದಿದ್ರೆ ಚಿಕ್ಕಮ್ಮನೂ ಮೊದಲನೇ ವಾರಕ್ಕೇ ಬಿಡ್ತಿದ್ರು. ಫೆಬ್ರವರಿ ಅನ್ನೋದೊಂದು ಇಲ್ಲದಿದ್ರೆ ನಾನು ಐದು ತಿಂಗಳು ಎದ್ದಿರ್ತಿರಲಿಲ್ಲ. ಖುಷಿಗೆ ಮಾಡು ಅಂತೀರಿ. ಖುಷಿಗೆ ಮಾಡೋ ಕೆಲಸಕ್ಕೆ ನನ್ನ ಮನೇಲಿ ಹೊತ್ತು ಕೊಡಲ್ಲ ಚಿಕ್ಕಪ್ಪ, ನಾನೂ ಕೊಟ್ಕೊಳ್ಳಲ್ಲ. ದುಡ್ಡು ಕಟ್ಟಿದೆ, ತಾರೀಕು ಇದೆ ಅಂದ್ರೆ ಅದಕ್ಕೊಂದು ಮರ್ಯಾದೆ. ಮದುವೆ ಮನೆಗೆ ಹೋಗಬೇಕು ಅಂದಹಾಗೆ.

ಅಪ್ಪ: ಉದ್ಯಾಪನೆ ಆದ ಮಾರನೇ ದಿನ?

ಅಕ್ಕ: ಏನು ಮಾರನೇ ದಿನ?

ಅಪ್ಪ: ಫೆಬ್ರವರಿಲಿ ಪಂದ್ಯ ಮುಗೀತು. ಸೋಮವಾರ ಬೆಳಗ್ಗೆ ನೀನು ಎಲ್ಲಿರ್ತೀಯ?

ಅಕ್ಕ ಉತ್ತರ ಹೇಳಲಿಲ್ಲ. ಅಪ್ಪ ಕಾಯಲೂ ಇಲ್ಲ. ಆಮೇಲೆ ಅವರು ಹೇಳಿದ್ದನ್ನು ಮಗನಾದ ನಾನು ಈ ವಯಸ್ಸಿನವರೆಗೆ ಕೇಳಿರಲಿಲ್ಲ.

ಅಪ್ಪ: 1978. ನಂಗೆ ಇಪ್ಪತ್ತನಾಲ್ಕು. ಆರು ವರ್ಷ ದಂಡ ಹೊಡೆದು ಬಸ್ಕಿ ಹೊಡೆದು ಕಾದಿದ್ದು ಒಂದೇ ಒಂದಕ್ಕೆ, ದಸರಾ ಕುಸ್ತೀಲಿ ನನಗೂ ಜೋಡಿ ಕಟ್ಟಬೇಕು. ಆ ವರ್ಷ ಕಟ್ಟಿದ್ರು. ಎದುರಾಳಿ ನನಗಿಂತ ದಪ್ಪ. ಏಳೆಂಟು ನಿಮಿಷ ಆಗಿರಬೇಕು, ಚಿತ್ ಮಾಡಿದೆ. ಉಸ್ತಾದರು ಹೆಗಲ ಮೇಲೆ ಹೊತ್ತುಕೊಂಡು ಸುತ್ತು ಬಂದ್ರು. ರುಮಾಲು ಸುತ್ತಿದ್ರು. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಎಚ್ಚರ ಆಯ್ತು, ಅಭ್ಯಾಸ. ಎದ್ದು ಕೂತೆ. ನೀನು ಹೇಳ್ದೆಯಲ್ಲ, ಹಂಗೇ. ಕಾಲು ನೆಲಕ್ಕಿಡಲಿಲ್ಲ. ಗೆದ್ದಾಯ್ತಲ್ಲ ಇನ್ನೇನು ಅಂತ ಅನ್ನಿಸ್ತು. ಎರಡು ದಿನ ಬಿಟ್ಟು ಹೋದ್ರಾಯ್ತು ಅಂದ್ಕೊಂಡೆ. ಆಮೇಲೆ ಮಟ್ಟಿಗೆ ಇಳೀಲೇ ಇಲ್ಲ.

ಅಕ್ಕ: ಒಂದು ದಿನಾನೂ?

ಅಪ್ಪ: ಒಂದು ದಿನಾನೂ. ಮೇಷ್ಟ್ರ ಕೆಲಸ ಸಿಕ್ತು. ಮಕ್ಕಳಿಗೆ ಸೀಟಿ ಊದಿ ಓಡಿಸ್ತಿದ್ದೆ, ನಾನು ನೆರಳಲ್ಲಿ ನಿಂತಿರ್ತಿದ್ದೆ. ಐವತ್ತಕ್ಕೆ ಶುಗರ್ ಬಂತು. ಡಾಕ್ಟ್ರು ನಡೀರಿ ಅಂದ್ರು. ನಡುವೆ ಇಪ್ಪತ್ತಾರು ವರ್ಷ ಈ ಮೈಯನ್ನ ನಾನು ಮಾತಾಡಿಸಿರಲಿಲ್ಲ. ಆ ಪಂದ್ಯ ಸೋತಿದ್ರೆ ಮಾರನೇ ದಿನ ಹೋಗಿರ್ತಿದ್ದೆ ಅಂತ ಎಷ್ಟೋ ಸಲ ಅನ್ನಿಸಿದೆ. ಅದಕ್ಕೆ ನಂಗೆ ತಾರೀಕು ಕಂಡ್ರೆ ಭಯ.

ಅಕ್ಕ: ಚಿಕ್ಕಪ್ಪ, ದಸರಾ ಕುಸ್ತಿ ಅನ್ನೋದೇ ಇಲ್ಲದಿದ್ರೆ ಆ ಆರು ವರ್ಷ ಹೋಗ್ತಿದ್ರಾ?

ಅಪ್ಪ: ...

ಅಕ್ಕ: ಜಗಳಕ್ಕೆ ಕೇಳ್ತಿಲ್ಲ.

ಅಪ್ಪ: ಗೊತ್ತು. ಯೋಚನೆ ಮಾಡ್ತಿದೀನಿ. ಹೋಗ್ತಿರಲಿಲ್ಲವೇನೋ.

ಅಕ್ಕ: ಈಗ ನಡೀತೀರಲ್ಲ, ಗುರಿಯಿಲ್ಲದೆ ನಡೀತೀನಿ ಅಂತೀರಿ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರ್ತೀರಿ. ಆ ರಿಪೋರ್ಟು ನಿಮ್ಮ ಪಂದ್ಯ ಅಲ್ವಾ? ಅದರ ಹಿಂದಿನ ವಾರ ಏರಿ ಮೇಲೆ ಎರಡು ಸುತ್ತು ಹಾಕ್ತೀರಂತೆ, ಚಿಕ್ಕಮ್ಮ ಹೇಳಿದ್ರು. ಅದು ಮೂರು ತಿಂಗಳ ಸರಾಸರಿ ತೋರಿಸೋ ಪರೀಕ್ಷೆ. ಒಂದು ವಾರದ ಓಡಾಟಕ್ಕೆ ಅದು ಬಗ್ಗಲ್ಲ ಅಂತ ನಿಮಗೂ ಗೊತ್ತು.

ಅಪ್ಪ: ಗೊತ್ತು. ಆದ್ರೂ ಹಾಕ್ತೀನಿ.

ಅಕ್ಕ: ನಿಮ್ಮ ಕಡೆಗೆ ವಾಲೋ ಮಾತೊಂದು ನಾನೇ ಹೇಳ್ತೀನಿ. ಅಮೆರಿಕದಲ್ಲಿ ಎಡ್ವರ್ಡ್ ಡೆಸಿ ಅಂತ ಮನಶ್ಶಾಸ್ತ್ರಜ್ಞ. 1971ರಲ್ಲಿ ಅವರದೊಂದು ಪ್ರಯೋಗ ಪ್ರಕಟ ಆಯ್ತು. ಕಾಲೇಜು ಹುಡುಗರಿಗೆ ತುಂಡು ಜೋಡಿಸೋ ಒಗಟು ಕೊಟ್ಟಿದ್ರು. ಕೆಲವರಿಗೆ ಬಿಡಿಸಿದ್ದಕ್ಕೆ ದುಡ್ಡು ಕೊಟ್ರು, ಇನ್ನು ಕೆಲವರಿಗೆ ಏನೂ ಇಲ್ಲ. ಆಮೇಲೆ ದುಡ್ಡು ನಿಲ್ಲಿಸಿ, ಬಿಡುವಿನ ಹೊತ್ತಲ್ಲಿ ಯಾರು ತಾವಾಗಿಯೇ ಅದನ್ನ ಕೈಗೆತ್ತಿಕೊಳ್ತಾರೆ ಅಂತ ನೋಡಿದ್ರು. ದುಡ್ಡು ತಗೊಂಡವರ ಆಸೆ ಕುಗ್ಗಿತ್ತು. ಆಟವಾಗಿದ್ದದ್ದು ಅವರಿಗೆ ಕೂಲಿ ಆಗಿಬಿಟ್ಟಿತ್ತು.

ಅಪ್ಪ: ನಾನು ಹೇಳಿದ್ದೇ ಅದು.

ಅಕ್ಕ: ಅರ್ಧ ಅದು. ಈ ಟ್ರಯಥ್ಲಾನ್ ಹೇಗೆ ಹುಟ್ಟಿತು ಗೊತ್ತಾ? 1974, ಸೆಪ್ಟೆಂಬರ್ 25, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ. ಅಲ್ಲಿನ ಓಟಗಾರರ ಒಂದು ಕ್ಲಬ್ಬು. ದಿನಾ ಅದೇ ಟ್ರ್ಯಾಕಲ್ಲಿ ಸುತ್ತೋರು. ಅದರಿಂದ ಒಂದು ಬದಲಾವಣೆ ಇರಲಿ ಅಂತ ಕ್ಲಬ್ಬಿನ ಇಬ್ಬರು ಯೋಚನೆ ಮಾಡಿ, ಮಿಷನ್ ಬೇ ಅನ್ನೋ ಕೊಲ್ಲಿ ಹತ್ತಿರ ಓಟ, ಸೈಕಲ್, ಈಜು ಮೂರನ್ನೂ ಸೇರಿಸಿ ಒಂದು ಸಂಜೆ ಪಂದ್ಯ ಇಟ್ರು. 46 ಜನ ಬಂದಿದ್ರು. ಒಂದೇ ಕೆಲಸ ಮಾಡಿ ಮಾಡಿ ಬೇಸತ್ತವರು ಕಂಡುಕೊಂಡ ಆಟ ಇದು. ಕಾಲು ನೋಯ್ತಿದ್ದ ದಿನ ಈಜಿದೆ. ಈಜು ಸಾಕು ಅನ್ನಿಸಿದ ದಿನ ಸೈಕಲ್ ತೆಗೆದೆ. ಐದು ತಿಂಗಳು ನಾನು ಬದುಕಿದ್ದು ಹಾಗೆ.

ಅಪ್ಪ: ಹಂಗಾದ್ರೆ ಬೇಸರಕ್ಕೆ ಮದ್ದು ಆಟದಲ್ಲೇ ಅದೆ.

ಅಕ್ಕ: ಇದೆ.

ಅಪ್ಪ: ಮತ್ತೆ ಮೂರನ್ನೂ ಒಟ್ಟಿಗೆ ಯಾಕೆ ಬಿಟ್ಟೆ?

ಅಕ್ಕ: ಅಂದ್ರೆ?

ಅಪ್ಪ: ಬೇಸರ ಆದ್ರೆ ಒಂದನ್ನ ಬಿಟ್ಟು ಇನ್ನೊಂದಕ್ಕೆ ಹೋಗ್ತಿದ್ದೆ, ಈಗ ತಾನೇ ಹೇಳ್ದೆ. 31 ವರ್ಷ ಮಕ್ಕಳನ್ನ ಗ್ರೌಂಡಿಗೆ ಇಳಿಸಿದೀನಿ ಕಣಮ್ಮ. ಬೇಸರ ಆದ ಹುಡುಗ ತಡವಾಗಿ ಬರ್ತಾನೆ, ಸುಸ್ತಾದ ಹುಡುಗ ಬಂದು ಕೂರ್ತಾನೆ. ಬರೋದನ್ನೇ ನಿಲ್ಲಿಸಿದ ಹುಡುಗನಿಗೆ ಏನೋ ಆಗಿರ್ತದೆ. ಒಂಬತ್ತು ದಿನ ಅಂದೆ. ಹತ್ತನೇ ದಿನ ಏನಾಯ್ತು?

ಅಕ್ಕ ಬಹಳ ಹೊತ್ತು ಕಾಲುಂಗುರ ತಿರುಗಿಸುತ್ತ ಕೂತಳು.

ಅಕ್ಕ: ಕೊಳದಲ್ಲಿ. ಐವತ್ತು ಮೀಟರಿನ ಕೊಳ, ಅರ್ಧ ದಾಟಿದ ಮೇಲೆ ಆಳ. ಒಂಬತ್ತನೇ ಉದ್ದ ಈಜ್ತಿದ್ದೆ. ಎದುರಿಂದ ಬಂದವರ ಕೈ ಮುಖಕ್ಕೆ ಬಡೀತು. ಗಾಗಲ್ಸ್ ಮೇಲೆ ಸರೀತು, ಉಸಿರು ಎಳೀಬೇಕು ಅನ್ನೋ ಹೊತ್ತಿಗೆ ಬಾಯಿಗೆ ನೀರು ಬಂತು. ಕಾಲಿಗೆ ನೆಲ ಸಿಗಲಿಲ್ಲ. ಹಗ್ಗ ಹಿಡ್ಕೊಂಡೆ. ಯಾರಿಗೂ ಗೊತ್ತೇ ಆಗಲಿಲ್ಲ. ಅರ್ಧ ನಿಮಿಷದಲ್ಲಿ ಮುಗೀತು. ಮೇಲೆ ಬಂದು ಬಟ್ಟೆ ಬದಲಾಯಿಸಿ ಬ್ಯಾಂಕಿಗೆ ಹೋದೆ. ಮಾರನೇ ದಿನದಿಂದ ಹೀಗೆ. ಕಡಲಲ್ಲಿ ಹಗ್ಗ ಇರಲ್ಲ ಚಿಕ್ಕಪ್ಪ. ಕೆಳಗೆ ಕರಿ ಗೆರೆ ಇರಲ್ಲ. ಆರೆಂಟು ಸಲ ಕೈ ಬೀಸಿ ಒಂದು ಸಲ ತಲೆ ಎತ್ತಿ ದಿಕ್ಕು ನೋಡ್ಕೋಬೇಕು. ತಲೆ ಎತ್ತಿದಾಗ ಅಲೆ ಬಂದ್ರೆ?

ಅಪ್ಪ: ಇದನ್ನ ಹುಮ್ಮಸ್ಸು ಹೋಯ್ತು ಅಂತ ಕರೆದ್ಯಲ್ಲ. ಇದು ಹೆದರಿಕೆ.

ಅಕ್ಕ: ಹುಮ್ಮಸ್ಸು ಹೋಯ್ತು ಅಂದ್ರೆ ಜನ ಒಪ್ಕೋತಾರೆ. ಹೆದರಿಕೆ ಅಂದ್ರೆ, ನಿನಗೆ ಯಾಕಮ್ಮ ಇದೆಲ್ಲ ಅಂತಾರೆ.

ಅಪ್ಪ: ನೀರಿಗೆ ಹೆದರಬಾರದು ಕಣಮ್ಮ. ನಾನು ಏಳನೇ ವಯಸ್ಸಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಸ್ಕೊಂಡು ತೋಟದ ಬಾವಿಗೆ ಬಿದ್ದೋನು. ನಮ್ಮಣ್ಣ, ನಿಮ್ಮಪ್ಪ, ಮೇಲಿಂದ ತಳ್ಳಿದ. ನಾಲ್ಕು ಗುಟುಕು ನೀರು ಕುಡಿದೆ. ಎರಡು ವಾರಕ್ಕೆ ಬುರುಡೆ ಬಿಚ್ಚಿದ್ರು. ಊರಿನ ಮಕ್ಕಳೆಲ್ಲ ಹಿಂಗೇ ಕಲಿತಿದ್ದು, ಯಾವ ಕೋಚೂ ಇರಲಿಲ್ಲ.

ಅಕ್ಕ: ಊರಿನ ಮಕ್ಕಳೆಲ್ಲ?

ಅಪ್ಪ: ಎಲ್ಲ.

ಅಕ್ಕ: ಅತ್ತೇರು ಮೂವರು ಇದ್ರಲ್ಲ, ನಿಮ್ಮ ಅಕ್ಕತಂಗೀರು. ಅವರು?

ಅಮ್ಮ ಅಷ್ಟು ಹೊತ್ತಿಗೆ ದೇವಸ್ಥಾನದ ಹುಗ್ಗಿಯನ್ನು ದೊನ್ನೆಗಳಿಗೆ ಹಾಕಿ ತಂದಿದ್ದರು. ಮಾತು ಕಿವಿಗೆ ಬಿದ್ದಿರಬೇಕು. ದೊನ್ನೆ ಕೊಡುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು: “ಆ ಬಾವೀಲಿ ನಾನು ಹದಿಮೂರು ವರ್ಷ ನೀರು ಸೇದಿದೀನಿ. ದಿನಾ ಬೆಳಗ್ಗೆ ಮೂವತ್ತು ಕೊಡ. ಗಂಡುಮಕ್ಕಳು ಈಜಿ ಎದ್ದು ಹೋಗೋ ತನಕ ಕಾಯಬೇಕಿತ್ತು. ಈಗಲೂ ಸಂಗಮದಲ್ಲಿ ಮುಳುಗು ಹಾಕುವಾಗ ಇವರ ಕೈ ಹಿಡ್ಕೊಂಡೇ ಹಾಕೋದು. ಕಾಲ ಕೆಳಗೆ ಮರಳು ಸರಿದ್ರೆ ಎದೆ ಝಲ್ಲಂತದೆ.” ಹೇಳಿ ಒಳಗೆ ಹೋದರು.

ಅಪ್ಪ ಹುಗ್ಗಿಯ ದೊನ್ನೆಯನ್ನು ಕೈಯಲ್ಲೇ ಹಿಡಿದು ಕೂತರು. ನಮ್ಮ ಹಿರಿಯರು ಬಾವಿ, ಕೆರೆ, ಮೈಲಿಗಟ್ಟಲೆ ನಡಿಗೆಯ ಕಾಲವನ್ನು ನೆನೆಸಿಕೊಳ್ಳುವಾಗ ಅದರಲ್ಲಿ ಸುಳ್ಳಿರುವುದಿಲ್ಲ. ಆದರೆ ನೆನೆಯುವವರು ಹೆಚ್ಚಾಗಿ ಈಜಿದವರು. ಸೇದಿದವರಲ್ಲ.

ಅಪ್ಪ: ಅವಳು ಇದನ್ನ ಯಾವತ್ತೂ ಹೇಳಿರಲಿಲ್ಲ.

ಅಕ್ಕ: ಮೂವತ್ತೆಂಟಕ್ಕೆ ಈಜು ಕಲಿತೆ ಅಂದ್ರಿ. ಮೂರು ತಿಂಗಳು ಹಿಡೀತು, ಮುಖ ನೀರಲ್ಲಿಟ್ಟು ಉಸಿರು ಬಿಡೋಕೆ. ಒಳಗೆ ಗುಳ್ಳೆ ಬಿಡಬೇಕು, ಪಕ್ಕಕ್ಕೆ ತಿರುಗಿದಾಗ ಎಳೀಬೇಕು. ನಾನು ಒಳಗೂ ಬಿಡದೆ ಹೊರಗೂ ಬಿಡದೆ ಕಟ್ಕೋತಿದ್ದೆ. ಲೇಡೀಸ್ ಬ್ಯಾಚಲ್ಲಿ ನನ್ನಂಥವರೇ ಹತ್ತು ಜನ. ಮೊದಲನೇ ಸಲ ಐವತ್ತು ಮೀಟರ್ ದಾಟಿದ ದಿನ ಆ ತುದಿಯ ಅಂಚು ಹಿಡ್ಕೊಂಡು ಅತ್ತೆ. ನೀವು ಖುಷಿ ಅಂತೀರಲ್ಲ, ಖುಷಿ ಆ ದಿನ ಆಯ್ತು. ಆದ್ರೆ ಅದು ಅಷ್ಟು ಹೆದರಿಕೆಯ ಆಚೆ ಇತ್ತು. ಒಂದು ತಾರೀಕು, ದುಡ್ಡು ಕಟ್ಟಿದ ಒಂದು ಬ್ಯಾಚು ಇಲ್ಲದಿದ್ರೆ ನಾನು ಆ ಹೆದರಿಕೆ ತನಕವೂ ಹೋಗ್ತಿರಲಿಲ್ಲ.

ಅಪ್ಪ: ಒಪ್ಪಿದೆ. ಆದ್ರೆ ನೀನು ಒಂದು ಒಪ್ಕೋಬೇಕು. ಹೆದರಿಕೆ ಬಂದಾಗ ಕಣ್ಣು ಮುಚ್ಕೊಂಡು ನುಗ್ಗು ಅಂತ ನಿಮ್ಮ ಗುಂಪಲ್ಲಿ ಹೇಳಿಕೊಡ್ತಾರಲ್ಲ, ಅದು ತಪ್ಪು. ಅವತ್ತು ಫೋನಲ್ಲಿ ತೋರಿಸಿದೆ ನೋಡು, ನೆಲದ ಮೇಲೆ ತೆವಳ್ತಿದ್ದ ಹುಡುಗಿ.

ಅಕ್ಕ: ಜೂಲಿ ಮಾಸ್. 1982, ಹವಾಯಿ. ಅದು ದೊಡ್ಡ ಪಂದ್ಯ. 3.8 ಕಿಲೋಮೀಟರ್ ಈಜು, 180 ಸೈಕಲ್, ಆಮೇಲೆ 42 ಕಿಲೋಮೀಟರ್ ಓಟ. ಅವಳು ಕಾಲೇಜು ಹುಡುಗಿ, ವ್ಯಾಯಾಮ ವಿಜ್ಞಾನದ ತನ್ನ ಪ್ರಬಂಧಕ್ಕೋಸ್ಕರ ಸೇರಿದ್ದಳು. ಹೆಂಗಸರಲ್ಲಿ ಅವಳೇ ಮುಂದಿದ್ದಳು. ಕೊನೆ ಗೆರೆ ಹತ್ತಿರದಲ್ಲೇ ಕಾಲು ಸೋತು ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಹಿಂದಿದ್ದವಳು ದಾಟಿ ಗೆದ್ದಳು. ಇವಳು ಕೈಕಾಲೂರಿ ತೆವಳಿ ಗೆರೆ ಮುಟ್ಟಿದಳು. ಟಿ.ವಿ.ಯಲ್ಲಿ ಅದನ್ನ ನೋಡಿ ಎಷ್ಟೋ ಜನ ಈ ಆಟಕ್ಕೆ ಬಂದ್ರು. ಗೆದ್ದವಳ ಹೆಸರು ಕ್ಯಾಥ್ಲೀನ್ ಮೆಕಾರ್ಟ್ನಿ, ಅದು ಎಷ್ಟು ಜನಕ್ಕೆ ನೆನಪಿದೆ?

ಅಪ್ಪ: ನಂಗೆ ಅದನ್ನ ನೋಡೋಕಾಗಲಿಲ್ಲ. ನನ್ನ ಹುಡುಗಿ ಯಾರಾದ್ರೂ ಗ್ರೌಂಡಲ್ಲಿ ಹಂಗೆ ಬಿದ್ದಿದ್ರೆ ಎತ್ಕೊಂಡು ನೆರಳಿಗೆ ತರ್ತಿದ್ದೆ.

ಅಕ್ಕ: ತೆವಳೋದೇ ಒಳ್ಳೇದು ಅಂತ ನಾನಂದಿಲ್ಲ. ಆದ್ರೆ ಎತ್ಕೊಂಡು ಬರಬೇಕೋ ಬೇಡವೋ ಅಂತ ಹೇಳಬೇಕಾದವಳು ಅವಳು ಅಲ್ವಾ?

ಅಪ್ಪ: ಆ ಹೊತ್ತಲ್ಲಿ ತಲೆಗೆ ರಕ್ತ ಇರಲ್ಲ. ಅದನ್ನ ಹೇಳೋಕೆ ಹೊರಗೆ ಒಬ್ಬರಿರಬೇಕು. ಕುಸ್ತೀಲೂ ಹಂಗೇ. ಸಾಕು ಬಿಡು ಅನ್ನೋದು ಉಸ್ತಾದರು.

ಇಲ್ಲಿ ಇಬ್ಬರೂ ಒಂದಿಷ್ಟು ಗಟ್ಟಿಯಾಗಿಯೇ ಮಾತಾಡಿದರು. ಎಲ್ಲವನ್ನೂ ಬರೆಯಲು ಹೋಗುವುದಿಲ್ಲ. ನನಗೆ ಅಪ್ಪನದು ಸರಿ ಅನ್ನಿಸಿತು. ಆದರೆ ಇಡೀ ಜೀವನ ಹೊರಗಿನವರೇ ಸಾಕು ಬಿಡು ಎನ್ನುತ್ತ ಬಂದಿರುವ ಒಬ್ಬಳಿಗೆ ಆ ಮಾತು ಹೇಗೆ ಕೇಳಿಸಬಹುದು ಎಂದೂ ಯೋಚಿಸಿದೆ.

ಅಕ್ಕ: ಬೆಳಗ್ಗೆ ಏಳೋಕಾಗದಿದ್ರೆ ತಾಲೀಮು ಸಂಜೆ ಮಾಡು ಅಂತ ಇವರು ಹೇಳಿದ್ರು. ಅದನ್ನೂ ನೋಡಿದೆ. ಬ್ಯಾಂಕಿಂದ ಬಂದ ಮೇಲೆ ಸೈಕಲ್ ಕಲ್ಲಿನ ಹಾಗಿರುತ್ತೆ.

ಅಪ್ಪ: ಕೂತು ಮಾಡೋ ಕೆಲಸ ತಾನೇ ನಿಂದು?

ಅಕ್ಕ: ಅದಕ್ಕೂ ಕಾರಣ ಇದೆ. 2009ರಲ್ಲಿ ವೇಲ್ಸ್‌ನ ಸಂಶೋಧಕರು 16 ಜನರನ್ನ ಪರೀಕ್ಷೆ ಮಾಡಿದ್ರು. ಒಂದು ದಿನ ತೊಂಬತ್ತು ನಿಮಿಷ ಕಂಪ್ಯೂಟರ್ ಮುಂದೆ ತಲೆ ಸುಡೋ ಕೆಲಸ. ಇನ್ನೊಂದು ದಿನ ಅಷ್ಟೇ ಹೊತ್ತು ಸುಮ್ಮನೆ ಸಾಕ್ಷ್ಯಚಿತ್ರ ನೋಡೋದು. ಆಮೇಲೆ ಸುಸ್ತಾಗೋ ತನಕ ಸೈಕಲ್. ತಲೆ ಕೆಲಸ ಮಾಡಿದ ದಿನ ಬೇಗ ಕೈಬಿಟ್ರು. ಹೃದಯ, ಉಸಿರು ಎಲ್ಲ ಎರಡೂ ದಿನ ಒಂದೇ ಥರ ಇತ್ತು. ಕಷ್ಟ ಅನ್ನಿಸಿದ್ದು ಮಾತ್ರ ಜಾಸ್ತಿ. ಹಾಗಾಗಿ ಬೆಳಗ್ಗೆ ಬಿಟ್ರೆ ನನಗೆ ಬೇರೆ ಹೊತ್ತಿಲ್ಲ.

ಅಪ್ಪ: ಒಂಬತ್ತು ದಿನ ಹೋಯ್ತಲ್ಲ, ಅದೇ ದೊಡ್ಡ ಯೋಚನೆ ನಂಗೆ. ಗರಡೀಲಿ ಎರಡು ದಿನ ಅಂತ ಬಿಟ್ಟೋನು ನಾನು.

ಅಕ್ಕ: ಲಂಡನ್ನಿನ ಒಂದು ಅಧ್ಯಯನ ಓದಿದ್ದೆ. 96 ಜನ ಒಂದೊಂದು ಹೊಸ ಅಭ್ಯಾಸ ಹಿಡಿದ್ರು. ಅದು ತಾನಾಗಿ ನಡೆಯೋ ಹಾಗಾಗೋಕೆ ನಡುಮಟ್ಟಕ್ಕೆ 66 ದಿನ ಬೇಕಾಯ್ತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಅನ್ನೋ ಲೆಕ್ಕ. ನಡುವೆ ಒಂದು ದಿನ ತಪ್ಪಿದ್ರೆ ಅಭ್ಯಾಸ ಕೆಡಲಿಲ್ಲ.

ಅಪ್ಪ: ಒಂದು ದಿನ. ಒಂಬತ್ತು ದಿನಕ್ಕೆ ಏನಂದ್ರು?

ಅಕ್ಕ: ಒಂಬತ್ತರ ಲೆಕ್ಕ ನನ್ನ ಹತ್ರ ಇಲ್ಲ.

ಬಿಸಿಲು ಜಗುಲಿ ದಾಟಿ ಬಾಗಿಲ ಹೊಸ್ತಿಲಿಗೆ ಬಂದಿತ್ತು. ಅಕ್ಕ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಹೋಗುವೆನೆಂದೂ ಹೇಳಲಿಲ್ಲ, ಬಿಡುವೆನೆಂದೂ ಹೇಳಲಿಲ್ಲ. ಅಪ್ಪ ಗೇಟಿನವರೆಗೆ ಹೋದರು.

ಅಪ್ಪ: ಸೈಕಲ್ ಇಳಿದು ಓಡುವಾಗ ಕಾಲು ಹೆಂಗಿರ್ತದೆ?

ಅಕ್ಕ: ಬೇರೆ ಯಾರದೋ ಕಾಲಿನ ಹಾಗೆ. ತೊಡೆ ಮರಗಟ್ಟಿರುತ್ತೆ, ಮಂಡಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಒಂದು ಕಿಲೋಮೀಟರ್ ಹೋದಮೇಲೆ ನಮ್ಮದಾಗುತ್ತೆ. ಅದಕ್ಕೇ ವಾರಕ್ಕೊಂದು ಸಲ ಸೈಕಲ್ ಇಳಿದ ತಕ್ಷಣ ಓಡಿ ಅಭ್ಯಾಸ ಮಾಡ್ತೀವಿ.

ಅಪ್ಪ: ಸಾವಿರ ಬಸ್ಕಿ ಆದಮೇಲೆ ಹಂಗಿರೋದು. ಮೆಟ್ಟಿಲು ಇಳಿಯೋಕಾಗ್ತಿರಲಿಲ್ಲ.

ಅಕ್ಕ: ಹ್ಞೂಂ, ಹಾಗೇ.

ಅಪ್ಪ: ಕಡಲಲ್ಲಿ ನಾನು ಈಜಿಲ್ಲ ಕಣಮ್ಮ. ಅದರ ಬಗ್ಗೆ ನಾನೇನೂ ಹೇಳಲಾರೆ. ಕೊಳ ಎಷ್ಟು ಗಂಟೆಗೆ ತೆಗೀತಾರೆ?

ಅಕ್ಕ: ಆರಕ್ಕೆ. ಲೇಡೀಸ್ ಬ್ಯಾಚು ಏಳಕ್ಕೆ, ಅದರಲ್ಲಿ ಗುಂಪು ಕಡಿಮೆ.

ಅಪ್ಪ: ಆ ದಿನ ಎಷ್ಟನೇ ಉದ್ದದಲ್ಲಿ ಆಯ್ತು ಅಂದೆ?

ಅಕ್ಕ: ಒಂಬತ್ತು.

ಅಪ್ಪ: ಪಂದ್ಯಕ್ಕೆ ಎಷ್ಟು ಬೇಕು?

ಅಕ್ಕ: ಹದಿನೈದು.

ಅಪ್ಪ: ನಾಳೆ?

ಅಕ್ಕ ಗೇಟಿನ ಚಿಲಕ ಹಿಡಿದು ನಿಂತಳು.

ಅಕ್ಕ: ನಾಲ್ಕು. ಆಳದ ಕಡೆಗೆ ಹೋಗಲ್ಲ. ಅರ್ಧಕ್ಕೆ ತಿರುಗಿ ಬರ್ತೀನಿ.

ಅಪ್ಪ: ಸರಿ. ನಾಲ್ಕು.